ಕತ್ತಲ ಮನೆಯ ಆರ್ಕಿಡ್‌ಗಳಿಗೆ ಸಾದಾ ಬಿಳಿ ಎಲ್‌ಇಡಿ ಬ್ಯಾಟನ್: ದೀರ್ಘಕಾಲದ ಬಳಕೆಯ ನಂತರ

ಗಿಡಗಳಿಗೆಂದೇ ಮಾರಾಟವಾಗುವ ನೇರಳೆ ಬೆಳಕಿನ ದೀಪವನ್ನು ಕಳಚಿಟ್ಟು, ಗೋಡೆಗೆ ಹಾಕುವ ಸಾದಾ ಬಿಳಿ ಎಲ್‌ಇಡಿ ಬ್ಯಾಟನ್‌ಗಳನ್ನು ಆರ್ಕಿಡ್ ಕಪಾಟಿಗೆ ಬಿಗಿದ ಮೇಲೆ ನನ್ನ ಫೆಲನಾಪ್ಸಿಸ್ ಜಾತಿಯ ಆರ್ಕಿಡ್ ಗಿಡಗಳು ಒಂದಕ್ಕಿಂತ ಹೆಚ್ಚು ಬಾರಿ ಹೂಬಿಟ್ಟಿವೆ. ನಾಲ್ಕು ಅಡಿ ಉದ್ದದ, 20 ವಾಟ್‌ನ ಎರಡು ಬ್ಯಾಟನ್‌ಗಳು, ಒಂದು ಟೈಮರ್, ಎತ್ತರ ಬದಲಿಸಲು ಎರಡು ತುಂಡು ಸರಪಳಿ: ಇಷ್ಟೇ ನನ್ನ ವ್ಯವಸ್ಥೆ. ಲ್ಯೂಮೆನ್, ವೋಲ್ಟೇಜ್ ಮುಂತಾದವು ಡಬ್ಬದ ಮೇಲೆಯೇ ಇರುವುದರಿಂದ ಅವುಗಳ ವಿವರಕ್ಕೆ ಹೋಗುವುದಿಲ್ಲ. ಡಬ್ಬದ ಮೇಲೆ ಯಾರೂ ಬರೆಯದ ಒಂದು ಗುಣ ಹಾಗೂ ಒಂದು ತೊಡಕು ಈ ದೀಪಗಳಿಗಿವೆ. ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಅವುಗಳ ಬಗ್ಗೆ.

ಗುಣವೆಂದರೆ, ಈ ಬೆಳಕಿನಲ್ಲಿ ಗಿಡ ಕಾಣಿಸುತ್ತದೆ. ಇದನ್ನು ದೊಡ್ಡ ವಿಷಯವಾಗಿ ಹೇಳುತ್ತಿರುವುದೇಕೆ ಎಂದು ತಿಳಿಯಬೇಕಾದರೆ ನೇರಳೆ ದೀಪದ ಕೆಳಗೆ ಆರ್ಕಿಡ್ ಸಾಕಿರಬೇಕು. ಕೆಂಪು ಮತ್ತು ನೀಲಿ ಡಯೋಡ್‌ಗಳಷ್ಟೇ ಇರುವ ಆ ದೀಪದಲ್ಲಿ ಹಸಿರು ಬೆಳಕು ಇಲ್ಲವೇ ಇಲ್ಲವೆನ್ನಬಹುದು. ಆದ್ದರಿಂದ ಎಲೆಗೆ ಪ್ರತಿಫಲಿಸಲು ಏನೂ ಉಳಿಯದೆ, ಆರೋಗ್ಯವಂತ ಎಲೆಯೂ ಹಳದಿಗೆ ತಿರುಗುತ್ತಿರುವ ಎಲೆಯೂ ಒಂದೇ ಬಗೆಯ ಮಂಕು ಬಣ್ಣದಲ್ಲಿ ಕಾಣುತ್ತವೆ. ಎಲೆಯ ಬುಡದಲ್ಲಿ ಕೂತ ಹಿಟ್ಟು ತಿಗಣೆಯನ್ನು ಆ ಬೆಳಕಿನಲ್ಲಿ ಗುರುತಿಸುವುದು ಕಷ್ಟ. ಅದೇ ಕೋಣೆಯಲ್ಲಿ ಕುಳಿತು ಓದುವವರ ಕಣ್ಣಿಗಾಗುವ ಹಿಂಸೆ ಬೇರೆಯೇ ಮಾತು.

ಈಗ ಬೆಳಗ್ಗೆ ದೀಪ ಹೊತ್ತಿಕೊಂಡ ಮೇಲೆ ಕಪಾಟಿನ ಮುಂದೆ ಕೆಲ ಹೊತ್ತು ನಿಲ್ಲುವುದು ನನ್ನ ದಿನಚರಿಯ ಭಾಗವಾಗಿದೆ. ಪಾರದರ್ಶಕ ಕುಂಡಗಳನ್ನು ಒಂದೊಂದಾಗಿ ತಿರುಗಿಸಿ ಬೇರುಗಳನ್ನು ನೋಡುತ್ತೇನೆ. ಬೇರಿನ ಸುತ್ತ ನೀರು ಹೀರುವ ದಪ್ಪ ಹೊದಿಕೆಯೊಂದಿರುತ್ತದೆ. ಅದು ಒಣಗಿದಾಗ ಬೆಳ್ಳಿಯ ಬಣ್ಣಕ್ಕೂ, ನೀರು ತುಂಬಿಕೊಂಡಾಗ ಒಳಗಿನ ಹಸಿರು ಹೊರತೋರುವುದರಿಂದ ಹಸಿರು ಬಣ್ಣಕ್ಕೂ ತಿರುಗುತ್ತದೆ. ಬೆಳ್ಳಿಯಾಗಿದ್ದರೆ ನೀರು, ಹಸಿರಾಗಿದ್ದರೆ ಮುಂದಿನ ಕುಂಡ. ವಾರಕ್ಕಿಷ್ಟು ಬಾರಿ ಎಂಬ ಲೆಕ್ಕದಲ್ಲಿ ನೀರು ಹಾಕುವ ಕ್ರಮವನ್ನು ಇದರಿಂದಾಗಿ ಸಂಪೂರ್ಣ ಬಿಟ್ಟಿದ್ದೇನೆ. ಹೊಸ ಬೇರಿನ ತುದಿ ಕೆಲವು ಗಿಡಗಳಲ್ಲಿ ತಿಳಿಹಸಿರಾಗಿಯೂ ಕೆಲವುಗಳಲ್ಲಿ ಕಂದುಗೆಂಪಾಗಿಯೂ ಇರುವುದನ್ನು ಮನೆಯೊಳಗೆ ಸರಿಯಾಗಿ ಕಂಡದ್ದು ಈ ದೀಪ ಬಂದ ಮೇಲೆಯೇ. ಎಲೆಗಳೂ ತಮ್ಮ ಸ್ಥಿತಿಯನ್ನು ಬಣ್ಣದಿಂದಲೇ ತಿಳಿಸುತ್ತವೆ: ಕಡುಹಸಿರಾಗಿ ಉದ್ದಕ್ಕೆ ಜೋತುಬಿದ್ದರೆ ಬೆಳಕು ಸಾಲದು, ತುಸು ತಿಳಿಹಸಿರಾಗಿ ಗಟ್ಟಿಯಾಗಿದ್ದರೆ ಸರಿಯಾಗಿದೆ, ಅಂಚಿನಲ್ಲಿ ಕೆಂಪು ಛಾಯೆ ಮೂಡಿದರೆ ಸಹಿಸುವ ಮಿತಿಯನ್ನು ಮುಟ್ಟಿದೆ.

ಬಿಳಿ ಬೆಳಕಿನಿಂದ ಗಿಡ ಬೆಳೆಯುವುದೇ ಎಂಬ ಸಂದೇಹ ಹಲವರಿಗಿದೆ. ಎಲೆಯು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ದ್ಯುತಿಸಂಶ್ಲೇಷಣೆಗೆ ಬಳಸಿಕೊಳ್ಳುತ್ತದೆ. ಹಸಿರು ಬೆಳಕಿನ ಒಂದಂಶ ಪ್ರತಿಫಲಿಸಿದರೂ ಹೆಚ್ಚಿನಂಶ ಹೀರಲ್ಪಡುತ್ತದೆ. ಹಾಗಾಗಿ ದೀಪದ ಬಣ್ಣಕ್ಕಿಂತ ಎಲೆಯನ್ನು ತಲುಪುವ ಬೆಳಕಿನ ಪ್ರಮಾಣ ಮುಖ್ಯ. ಬೆಳಕಿನ ತೀವ್ರತೆಯನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ; ಫೆಲನಾಪ್ಸಿಸ್‌ಗೆ 10,000ದಿಂದ 15,000 ಲಕ್ಸ್ ಒಳ್ಳೆಯದು. ಕಿಟಕಿಯಿಂದ ದೂರವಿರುವ ಕೋಣೆಯಲ್ಲಿ ಹಗಲಿನಲ್ಲೂ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಆದರೆ ನಮ್ಮ ಕಣ್ಣು ಮಂದ ಬೆಳಕಿಗೆ ಹೊಂದಿಕೊಂಡುಬಿಡುವುದರಿಂದ ಆ ಕೋಣೆಯೂ ಸಾಕಷ್ಟು ಬೆಳಕಾಗಿದೆ ಎಂದೇ ತೋರುತ್ತದೆ. ಒಂದೇ ಬ್ಯಾಟನ್ ಸಾಲದು. ಎರಡನ್ನು ಅಕ್ಕಪಕ್ಕ ಕಟ್ಟಿ, ಎಲೆಗಳಿಂದ 15 ಸೆಂಟಿಮೀಟರ್ ಮೇಲೆ ತೂಗುಬಿಟ್ಟಾಗ ಬೇಕಾದ ಪ್ರಮಾಣದ ಹತ್ತಿರಕ್ಕೆ ಬರುತ್ತದೆ. ಮೊಬೈಲಿನ ಲಕ್ಸ್ ಮಾಪಕವನ್ನು ಪೂರ್ತಿ ನಂಬಲಾಗದಿದ್ದರೂ, ಕಪಾಟಿನ ನಡುಭಾಗಕ್ಕೂ ಅಂಚಿಗೂ ಎಷ್ಟು ವ್ಯತ್ಯಾಸವಿದೆ ಎಂದು ಹೋಲಿಸಿ ನೋಡಲು ಅದು ಸಾಕು.

ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಂಟೆ ದೀಪ ಉರಿಯುತ್ತದೆ. ಹನ್ನೆರಡು ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ ಹದಿನಾಲ್ಕು ಹದಿನೈದು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ, ಅದು ನನಗೆ ಹೊರೆಯಾಗಿಲ್ಲ. ಬೆಳಕು ಕಡಿಮೆಯೆನಿಸಿದಾಗ ರಾತ್ರಿಯಿಡೀ ದೀಪ ಉರಿಸುವ ಉಪಾಯ ಮಾತ್ರ ನಡೆಯುವುದಿಲ್ಲ. ಫೆಲನಾಪ್ಸಿಸ್ ತನ್ನ ಎಲೆಯ ರಂಧ್ರಗಳನ್ನು ಹೆಚ್ಚಾಗಿ ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಸಂಗ್ರಹಿಸಿಕೊಳ್ಳುವ ಗಿಡವಾದ್ದರಿಂದ ಅದಕ್ಕೆ ಕತ್ತಲೆಯೂ ಬೇಕು. ಮುಳ್ಳು ತಿರುಗುವ ಅಗ್ಗದ ಟೈಮರ್ ವಿದ್ಯುತ್ ಹೋದಾಗಲೆಲ್ಲ ನಿಂತು, ಅಷ್ಟೇ ಹೊತ್ತು ಹಿಂದೆ ಬೀಳುತ್ತದೆ. ಬ್ಯಾಟರಿ ಇರುವ ಟೈಮರ್‌ಗೆ ಸ್ವಲ್ಪ ಹೆಚ್ಚು ಕೊಡುವುದೇ ಲೇಸು.

ಇಲ್ಲಿಯವರೆಗಿನ ಹೊಗಳಿಕೆಯೆಲ್ಲ ಗಿಡ ಎಲೆಯಲ್ಲಿರುವವರೆಗೆ ಮಾತ್ರ ಸಲ್ಲುತ್ತದೆ. ಹೂದಂಟು ಹೊರಟಿತೆಂದರೆ ಈ ವ್ಯವಸ್ಥೆ ತಾನು ಸಾಧಿಸಿದ್ದನ್ನು ತಾನೇ ಕೆಡಿಸಲು ತೊಡಗುತ್ತದೆ. ಎಲೆಗೆ 15 ಸೆಂಟಿಮೀಟರ್ ಅಂತರದಲ್ಲಿ ದೀಪವಿರಬೇಕು. ಹೂದಂಟಾದರೋ ಅರ್ಧ ಮೀಟರಿಗಿಂತಲೂ ಎತ್ತರ ಬೆಳೆಯಬಲ್ಲದು, ಅದೂ ಬೆಳಕಿನ ಕಡೆಗೇ. ಕೆಲವು ವಾರಗಳಲ್ಲಿ ತುದಿ ಬ್ಯಾಟನ್‌ಗೆ ತಾಗುತ್ತದೆ. ಎಲ್‌ಇಡಿ ತಣ್ಣಗಿರುತ್ತದೆ ಎಂಬ ಮಾತು ಹಳೆಯ ಬಲ್ಬುಗಳಿಗೆ ಹೋಲಿಸಿದರೆ ನಿಜವೇ ಹೊರತು, ಎಳೆ ಮೊಗ್ಗು ಬ್ಯಾಟನ್‌ನ ಮೈಗೆ ಒತ್ತಿಕೊಂಡು ದಿನವಿಡೀ ಇದ್ದರೆ ಹಳದಿಯಾಗಿ ಉದುರುತ್ತದೆ. ದೀಪವನ್ನು ಮೇಲಕ್ಕೇರಿಸೋಣವೆಂದರೆ ಅದರ ಕೆಳಗಿನ ಉಳಿದ ಗಿಡಗಳಿಗೆ ಬೆಳಕು ಕಡಿಮೆಯಾಗುತ್ತದೆ. ಏರಿಸದಿದ್ದರೆ ಒಂದು ಗಿಡದ ಹೂ ಹಾಳಾಗುತ್ತದೆ. ಒಂದು ಗಿಡ ಹೂಬಿಡುವ ಸಂಭ್ರಮಕ್ಕೆ ಉಳಿದ ಗಿಡಗಳನ್ನೆಲ್ಲ ಉಪವಾಸ ಕೆಡವುವ ಈ ಲೆಕ್ಕಾಚಾರ ನನಗೆ ಇಂದಿಗೂ ಕಿರಿಕಿರಿಯೇ. ಎತ್ತರದಿಂದಲೂ ಸಾಕಷ್ಟು ಬೆಳಕು ಬೀರುವ, ಗಿಡಗಳಿಗೆಂದೇ ತಯಾರಾದ ಶಕ್ತಿಶಾಲಿ ಬಿಳಿ ದೀಪಗಳಲ್ಲಿ ಈ ತೊಂದರೆ ಕಡಿಮೆ. ದುಬಾರಿ ದೀಪಕ್ಕೆ ಕೊಡುವ ಹಣ ನಿಜವಾಗಿ ಹೋಗುವುದು ಈ ಅಂತರಕ್ಕೆ. ನನ್ನ ಕೈಗೆ ಅದು ಎಟುಕುವುದಿಲ್ಲ.

ಸದ್ಯಕ್ಕೆ ಕಂಡುಕೊಂಡ ದಾರಿ ಇದು. ಹೂದಂಟು ಬೆರಳುದ್ದ ಆದಾಗಲೇ ಆ ಕುಂಡವನ್ನು ಕಪಾಟಿನ ಮುಂದಿನ ಅಂಚಿಗೆ ತರುತ್ತೇನೆ. ತುದಿ ಬ್ಯಾಟನ್‌ನಿಂದ ಹೊರಬದಿಗೆ ಚಾಚುವಂತೆ ತೆಳುವಾದ ಕಡ್ಡಿಗೆ ಸಡಿಲವಾಗಿ ಕಟ್ಟುತ್ತೇನೆ. ಎಳೆಯ ದಂಟು ಬಾಗುತ್ತದೆ, ಬಲಿತದ್ದನ್ನು ಬಗ್ಗಿಸಲು ಹೋದರೆ ಮುರಿಯುತ್ತದೆ. ಮೊಗ್ಗು ಮೂಡಿದ ಮೇಲೆ ಕುಂಡವನ್ನು ಪದೇ ಪದೇ ತಿರುಗಿಸಬಾರದು, ಏಕೆಂದರೆ ಹೂಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡದೆ ಅಡ್ಡಾದಿಡ್ಡಿಯಾಗುತ್ತವೆ. ಹೂಗಳು ಪೂರ್ತಿ ಅರಳಿದ ಮೇಲೆ ಗಿಡವನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಡುತ್ತೇನೆ. ಕೆಲವು ವಾರ ಮಂದ ಬೆಳಕಿನಲ್ಲಿದ್ದರೂ ಗಿಡ ಸೊರಗುವುದಿಲ್ಲ. ಹಾಗೆ ಹೊರಗಿಟ್ಟಾಗಲೇ ಹೂವಿನ ಬಣ್ಣವೂ ಸರಿಯಾಗಿ ಒಪ್ಪುತ್ತದೆ, ಏಕೆಂದರೆ ನನ್ನ ಹಳೆಯ ಬ್ಯಾಟನ್ 6500 ಕೆಲ್ವಿನ್‌ನದು ಮತ್ತು ಅದರ ನೀಲಿಮಿಶ್ರಿತ ಬೆಳಕಿನಲ್ಲಿ ತಿಳಿಗುಲಾಬಿ ಹೂ ಸಪ್ಪೆಯಾಗಿ ಕಾಣುತ್ತದೆ. ಎರಡನೆಯದನ್ನು ಅಷ್ಟು ನೀಲಿಯಿಲ್ಲದ 4000 ಕೆಲ್ವಿನ್‌ನದೇ ಕೊಂಡೆ. ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಕೋಣೆ ಮಾತ್ರ ಆಸ್ಪತ್ರೆಯ ಕಾರಿಡಾರಿನ ಕಳೆಯನ್ನು ಬಿಟ್ಟಿತು.

ದೀಪ ಸರಿಯಿದ್ದೂ ಹೂ ಬರಲಿಲ್ಲವೆಂದು ದೂರುವವರು ತಾಪಮಾನವನ್ನೂ ಗಮನಿಸಬೇಕು. ರಾತ್ರಿ ಹಗಲು 28 ಡಿಗ್ರಿಗಿಂತ ಹೆಚ್ಚು ಸೆಕೆಯಿರುವ ಕೋಣೆಯಲ್ಲಿ ಫೆಲನಾಪ್ಸಿಸ್ ಎಲೆ ಬಿಡುತ್ತಾ ಹೋಗುತ್ತದೆಯೇ ಹೊರತು ಹೂದಂಟು ಹೊರಡಿಸುವುದಿಲ್ಲ; ಕೆಲವು ವಾರಗಳ ತಂಪು ಅದಕ್ಕೆ ಬೇಕು, ಯಾವ ದೀಪವೂ ಅದನ್ನು ಕೊಡದು.

ಫೆಲನಾಪ್ಸಿಸ್, ಪ್ಯಾಫಿಯೋಪೆಡಿಲಂ ಜಾತಿಯ ಆರ್ಕಿಡ್‌ಗಳನ್ನು ಸಾಕುವವರು ಇಂತಹ ಎರಡು ಬ್ಯಾಟನ್‌ಗಳನ್ನು ಧೈರ್ಯವಾಗಿ ಕೊಳ್ಳಬಹುದು. 20,000 ಲಕ್ಸ್‌ಗೂ ಮೇಲೆ ಬಯಸುವ ಕ್ಯಾಟ್ಲಿಯಾಗೆ ನಾಲ್ಕಾದರೂ ಬೇಕಾಗುತ್ತದೆ, ಆಗ ಅಗ್ಗವೆಂಬ ಮಾತೇ ಉಳಿಯುವುದಿಲ್ಲ. ಇನ್ನೂ ಹೆಚ್ಚು ಬೆಳಕು ಬೇಡುವ ವಾಂಡಾ ಸಾಕುವವರು ಈ ದೀಪದ ಯೋಚನೆಯನ್ನೇ ಬಿಡುವುದು ಒಳಿತು. ಕೊಳ್ಳುವಾಗ ಅಂಗಡಿಯಲ್ಲಿ ಒಮ್ಮೆ ಹೊತ್ತಿಸಿ, ಕಿವಿಗೊಟ್ಟು ಗುಂಯ್‌ಗುಡುವ ಸದ್ದು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ದಿನಕ್ಕೆ ಅರ್ಧದಷ್ಟು ಹೊತ್ತು ಆ ಸದ್ದು ನಿಮ್ಮ ಕೋಣೆಯಲ್ಲೇ ಇರುತ್ತದೆ.