ವೇ ರೆಬೊ: ದುಂಡು ಮನೆಯಲ್ಲಿ ಒಂದು ರಾತ್ರಿ

ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿರುವ ಈ ಹಳ್ಳಿಗೆ ಗಾಡಿ ಹೋಗುವುದಿಲ್ಲ. ಡೆಂಗೆ ಊರು ದಾಟಿ ಕಾಡಿನಲ್ಲಿ ಹತ್ತಬೇಕು. ನಮ್ಮ ಏಜೆಂಟ್ ಒಂದೇ ಗಂಟೆ ಅಂದಿದ್ದರು, ಹಿಡಿದದ್ದು ಮೂರು ಗಂಟೆ. ಮಂಡಿನೋವು ಇರುವವರಿಗೆ ಇದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ?

ಸುಮಾರು 1,100 ಮೀಟರ್ ಎತ್ತರದಲ್ಲಿ, ಸುತ್ತ ಬೆಟ್ಟಗಳ ನಡುವೆ, ಏಳು ಮನೆಗಳು. ಈ ದುಂಡು ಮನೆಗಳ ಹೆಸರು ಎಂಬಾರು ನಿಯಾಂಗ್. ಮಾಡು ನೆಲದ ಹತ್ತಿರದವರೆಗೂ ಇಳಿದಿದೆ. ಮೊದಲು ದೊಡ್ಡ ಮನೆಗೆ ಹೋಗಬೇಕು. ಹಿರಿಯರು ಅವರ ಪೂರ್ವಜರಿಗೆ ನಾವು ಬಂದದ್ದನ್ನು ತಿಳಿಸುತ್ತಾರೆ. ಅಲ್ಲಿಯವರೆಗೆ ಫೋಟೊ ತೆಗೆಯಬೇಡಿ.

ನಾವು ಮಲಗಿದ್ದು ಅತಿಥಿಗಳ ಮನೆಯಲ್ಲಿ. ಗೋಡೆಯ ಉದ್ದಕ್ಕೂ ದುಂಡಗೆ ಚಾಪೆಗಳು, ಎಲ್ಲರೂ ಒಟ್ಟಿಗೆ. ಬೇರೆ ಕೋಣೆ ಬೇಕು ಅನ್ನುವವರಿಗೆ ಇದು ಸರಿಹೋಗಲ್ಲ. ಮಲಗಿದಲ್ಲಿಂದ ತಲೆಯೆತ್ತಿ ನೋಡುತ್ತಲೇ ಇದ್ದೆ. ಮೊಳೆ ಇಲ್ಲ, ಬೆತ್ತದಿಂದ ಬಿಗಿದ ಕಟ್ಟು. ಇಲ್ಲಿನ ಮನೆಗೆ ಐದು ಅಂತಸ್ತು: ಕೆಳಗೆ ಜನ, ಮೇಲೆ ದವಸ, ಬಿತ್ತನೆ ಬೀಜ, ಬರಗಾಲಕ್ಕೆ ಉಳಿಸಿದ ಆಹಾರ, ತುದಿಯಲ್ಲಿ ಪೂರ್ವಜರಿಗೆ ಎಡೆ. ಹಾಳಾಗುತ್ತಿದ್ದ ಮನೆಗಳನ್ನು ಊರವರೇ ಮತ್ತೆ ಕಟ್ಟಿ ನಿಲ್ಲಿಸಿದ ಕೆಲಸಕ್ಕೆ 2012ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಬಂದಿದೆ.

ಊಟ ಸರಳ: ಅನ್ನ, ಸೊಪ್ಪು, ಮೊಟ್ಟೆ, ಸಂಬಾಲ್ ಅನ್ನುವ ಖಾರದ ಮೆಣಸಿನ ಚಟ್ನಿ. ಚಳಿ ಜಾಸ್ತಿ, ಸ್ವೆಟರ್ ಇರಲಿ. ಬೆಳಿಗ್ಗೆ ಅಂಗಳದಲ್ಲಿ ಒಬ್ಬ ಅಜ್ಜಿ ಕಾಫಿ ಬೀಜ ಹರವುತ್ತಿದ್ದರು. ನಾನು ಮೂಡಿಗೆರೆಯವಳು. ಕೇಳದೆ ಪಕ್ಕದಲ್ಲಿ ಕೂತು ಕಪ್ಪು ಬೀಜ ಆರಿಸತೊಡಗಿದೆ. ಅವರು ನಕ್ಕು ಮೊರವನ್ನು ನನ್ನ ಕಡೆ ತಳ್ಳಿದರು. ವಾಪಸ್ ಬರುವಾಗ ಅವರಿಂದಲೇ ಅರ್ಧ ಕಿಲೊ ಪುಡಿ ತಂದೆ.