ಪುರಾತತ್ವ ಶಿಬಿರಕ್ಕೆ ದುಡ್ಡು ಕಟ್ಟೋ ಮೊದಲು ಉತ್ಖನನದ ಲೈಸೆನ್ಸ್ ಕೇಳಿ

ದಸರಾ ರಜೆ ಹತ್ತಿರ ಬಂತು. ಕೊಪ್ಪಳ, ರಾಯಚೂರು, ಬಳ್ಳಾರಿ ಕಾಲೇಜುಗಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತಿದೆ. ಪುರಾತತ್ವ ತರಬೇತಿ ಶಿಬಿರವಂತೆ. ನಿಮ್ಮ ಕೈಯಾರೆ ಉತ್ಖನನ ಮಾಡಬಹುದಂತೆ. ಒಂದು ವಾರಕ್ಕೆ 4 ಕ್ರೆಡಿಟ್, ಮೇಲೆ ವಿಶ್ವವಿದ್ಯಾಲಯದ ಸರ್ಟಿಫಿಕೇಟ್. ಇದೇ ಜನ ಬೇಸಿಗೆಯಲ್ಲಿ ಬೇರೆ ಹೆಸರಿನಿಂದ ನಡೆಸಿದ ಶಿಬಿರಕ್ಕೆ ನಾನು ₹18,000 ಕಟ್ಟಿ ಹೋಗಿದ್ದೆ. ಅದು ಮುಗಿದದ್ದು ಪೊಲೀಸ್ ಠಾಣೆಯಲ್ಲಿ. ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಹಾಕಿದರೂ ಉಪಯೋಗವಿಲ್ಲ, ರಜೆಗೊಂದು ಹೆಸರು ಇಟ್ಕೊಂಡು ಬರ್ತಾರೆ. ಅವರು ಕೆಲಸ ಮಾಡೋ ರೀತಿ ಮಾತ್ರ ಬದಲಾಗಲ್ಲ, ಅದನ್ನೇ ಬರೆಯುತ್ತೇನೆ.

ನಾನು ಕೊಪ್ಪಳ ಜಿಲ್ಲೆಯವಳು. ಇತಿಹಾಸದಲ್ಲಿ ಎಂ.ಎ. ಮಾಡಿ, ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ನಮ್ಮ ಸುತ್ತ ಎಂಥ ನೆಲ ಇದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಹಿರೇಬೆಣಕಲ್ ಗುಡ್ಡದ ಮೇಲೆ ಚಪ್ಪಡಿ ಕಲ್ಲಿನ ಸಮಾಧಿಗಳು ನೂರಾರು ಇವೆ, 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನ. ಮಸ್ಕಿಯ ಶಾಸನದಲ್ಲಂತೂ ಅಶೋಕ ಅನ್ನೋ ಹೆಸರೇ ಇದೆ. ಬಳ್ಳಾರಿ ಮಗ್ಗುಲಲ್ಲಿ ಸಂಗನಕಲ್ಲು, ಅಲ್ಲಿ ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗಗಳು. ಇಷ್ಟೆಲ್ಲ ಕಣ್ಣೆದುರೇ ಇದೆ. ಆದರೆ ಇತಿಹಾಸ ಓದಿದ ನಮ್ಮಂಥ ಬಹುಪಾಲು ಮಂದಿ ಒಂದು ಟ್ರೆಂಚ್, ಅಂದರೆ ಉತ್ಖನನಕ್ಕೆ ಅಗೆದ ಗುಂಡಿಯೊಳಗೆ ಇಳಿದು ನೋಡಿರುವುದಿಲ್ಲ. ಆ ಆಸೆಯ ಮೇಲೇ ಇವರ ವ್ಯಾಪಾರ ನಡೆಯೋದು.

ಪೋಸ್ಟರಿನ ಫೋಟೊಗಳನ್ನ ನೋಡಿ. ಅಗಲ ಟೋಪಿ ಹಾಕಿದ ಬಿಳಿ ಹುಡುಗ ಹುಡುಗಿಯರು, ನೂಲು ಹಿಡಿದ ಹಾಗೆ ಅಗೆದ ಚೌಕಗಳು, ಅಂಚಿಗೆ ಮರಳಿನ ಚೀಲ. ಅದು ನಮ್ಮ ಕಡೆಯ ಮಣ್ಣೇ ಅಲ್ಲ. ಯುರೋಪ್, ಅಮೆರಿಕದಲ್ಲಿ ಬೇಸಿಗೆ ರಜೆಗೆ ವಿದ್ಯಾರ್ಥಿಗಳು ದುಡ್ಡು ಕಟ್ಟಿ ಇಟಲಿಗೋ ಗ್ರೀಸಿಗೋ ಹೋಗಿ ಅಗೆಯೋದು ಹಳೇ ಪದ್ಧತಿ. ನಾಲ್ಕಾರು ವಾರ ಇರ್ತಾರೆ. ಕಲಿಸುವವರು ಆ ಜಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಕೈಯಲ್ಲಿ ಆ ದೇಶದ ಸರ್ಕಾರದ ಅನುಮತಿ ಇರುತ್ತೆ. ನಮ್ಮವರು ಅಲ್ಲಿಂದ ತಂದದ್ದು ಫೋಟೊ ಮತ್ತು ಫೀಸು, ಅಷ್ಟೇ.

ನಾನು ಹೋದಂಥ ಮೇ ತಿಂಗಳ ಉತ್ಖನನ ಅನ್ನೋದೇ ಅನುಮಾನ ತರಬೇಕಾದ ವಿಷಯ. ರಾಯಚೂರು, ಬಳ್ಳಾರಿ ಬಿಸಿಲು 42 ಡಿಗ್ರಿ ದಾಟುವ ಕಾಲ ಅದು. ಮನುಷ್ಯರ ಪಾಡು ಹಾಗಿರಲಿ, ಮಣ್ಣಿನದೂ ಕಷ್ಟವೇ. ಪದರಗಳನ್ನು ಬೇರೆ ಮಾಡಿ ನೋಡುವುದು ಬಣ್ಣ ಮತ್ತು ಪಸೆಯ ಮೇಲೆ. ಆ ಬಿಸಿಲಿಗೆ ಅಗೆದ ಗೋಡೆ ನೋಡ್ತಾ ನೋಡ್ತಾ ಒಣಗಿ ಎಲ್ಲ ಒಂದೇ ಬಣ್ಣ ಆಗುತ್ತೆ. ಅದಕ್ಕೇ ನಮ್ಮ ಕಡೆ ಈ ಕೆಲಸ ಸಾಮಾನ್ಯವಾಗಿ ಚಳಿಗಾಲದಲ್ಲಿ ನಡೆಯೋದು.

ದುಡ್ಡು ಕಟ್ಟುವ ಮೊದಲು ನಾನು ಕೇಳಿದ್ದೆ, ಉತ್ಖನನಕ್ಕೆ ಅನುಮತಿ ಇದೆಯಾ ಅಂತ. ‘ಎಲ್ಲಾ ಪರ್ಮಿಷನ್ ಇದೆ ಮೇಡಂ’ ಅಂತ ಮೆಸೇಜ್ ಬಂತು, ಪಕ್ಕದಲ್ಲಿ ಎರಡು ಕೈ ಮುಗಿಯೋ ಚಿತ್ರ. ಆ ಮೆಸೇಜ್ ಇನ್ನೂ ಇಟ್ಟುಕೊಂಡಿದ್ದೇನೆ.

ನಮ್ಮನ್ನು ಇಳಿಸಿದ್ದು ಗಂಗಾವತಿ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ. ಊಟ, ನೀರಿನ ಬಗ್ಗೆ ಹೇಳಿ ನಿಮ್ಮ ಹೊತ್ತು ಕಳೆಯಲ್ಲ, ಅದೆಲ್ಲ ತಡಕೊಳ್ಳಬಹುದಾದ ಕಷ್ಟ. ಮೊದಲು ಸ್ಲೈಡ್ ಪಾಠ ಆಯಿತು. ಆಮೇಲೆ ಒಂದು ಗುಡ್ಡದ ಬುಡದ ಹೊಲಕ್ಕೆ ಕರ್ಕೊಂಡು ಹೋದರು. ನೆಲದ ಮೇಲೆಲ್ಲ ಮಡಕೆ ಚೂರು, ಒಂದು ಮೂಲೆಯಲ್ಲಿ ಬೂದು ಬಣ್ಣದ ದಿಬ್ಬ. ನೋಡಿದ ತಕ್ಷಣ ಹೊಸ ಶಿಲಾಯುಗದ ಜನ ಬಿಟ್ಟುಹೋದ ಬೂದಿದಿಬ್ಬ ಅಂತ ಗೊತ್ತಾಯಿತು, ಮೈ ಜುಮ್ಮೆಂದಿತು.

ಅವರು ಕೈಗೆ ಕೊಟ್ಟದ್ದು ಗುದ್ದಲಿ, ಸಲಿಕೆ, ಪುಟ್ಟಿ. ಕರಣಿ ಇಲ್ಲ, ಬ್ರಷ್ ಇಲ್ಲ, ಮಟ್ಟ ನೋಡುವ ಲೆವೆಲ್ ಇಲ್ಲ. ಆಳವನ್ನು ಎಲ್ಲಿಂದ ಅಳೆಯಬೇಕು ಅಂತ ಒಂದು ಗುರುತಿನ ಗೂಟವೂ ನೆಟ್ಟಿರಲಿಲ್ಲ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಚೌಕ ಹಾಕಿ, ನಡುವೆ ಅಗೆಯದ ಗೋಡೆ ಬಿಟ್ಟು, ಆ ಗೋಡೆಯಲ್ಲಿ ಪದರ ಓದುವ ವಿಧಾನ ತೋರಿಸಿದ್ದರು. ನಮ್ಮ ಎಂ.ಎ. ಸಿಲಬಸ್ಸಿನಲ್ಲೇ ಅದಿದೆ. ಇಲ್ಲಿ ಒಂದು ತಗ್ಗು ತೋಡಿಸಿದರು ಅಷ್ಟೇ. ಮೊಣಕಾಲು ಆಳದಲ್ಲಿ ಸಿಕ್ಕ ಚೂರು, ಸೊಂಟದ ಆಳದಲ್ಲಿ ಸಿಕ್ಕ ಚೂರು ಎಲ್ಲ ಒಂದೇ ಗೊಬ್ಬರದ ಚೀಲಕ್ಕೆ ಹೋದವು. ಚೀಟಿ ಇಲ್ಲ, ನಂಬರ್ ಇಲ್ಲ. ಯಾವ ಪದರದ್ದು ಅಂತ ಗೊತ್ತಿಲ್ಲದ ಮಡಕೆ ಚೂರಿನಿಂದ ಕಾಲ ಹೇಳೋಕೆ ಯಾರಿಂದ ಆಗುತ್ತೆ?

ನನಗೆ ಈಗಲೂ ಸಂಕಟ ಆಗೋದು ದುಡ್ಡಿಗಲ್ಲ, ಆ ದಿಬ್ಬಕ್ಕೆ. ಬೂದಿದಿಬ್ಬಗಳ ಬಗ್ಗೆ ನಮ್ಮಲ್ಲಿ ನೂರೆಂಟು ಕಥೆ ಇವೆ. ಹಂಪಿ ಹತ್ತಿರದ ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಜಾಗ ಅಂತಾರೆ. ಅದು ದನದ ಸಗಣಿ ಸುಟ್ಟು ಆದ ಬೂದಿ, ಅಲ್ಲಿ ಇದ್ದದ್ದು ಹೊಸ ಶಿಲಾಯುಗದ ದನದ ದೊಡ್ಡಿ ಅಂತ ಗಟ್ಟಿಯಾಗಿ ತೋರಿಸಿದವರು ಬ್ರಿಟಿಷ್ ಪುರಾತತ್ವಜ್ಞ ಆಲ್ಚಿನ್. ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ ಅಗೆದವರೂ ಅವರೇ. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅವರು ಅಗೆದಾಗ ಬೂದಿಯ ಪದರದೊಳಗೆ ದನದ ಗೊರಸಿನ ಗುರುತುಗಳೇ ಸಿಕ್ಕಿದವು. ಸಾವಿರಾರು ವರ್ಷದ ಹಿಂದೆ ಹಸು ಕಾಲಿಟ್ಟ ಗುರುತು! ಪದರ ಪದರವಾಗಿ ಬಿಡಿಸಿದ್ದಕ್ಕೆ ಅದು ಕಂಡಿತು. ನಮ್ಮ ಶಿಬಿರದ ಗುದ್ದಲಿಗೆ ಅಂಥದ್ದು ಸಿಕ್ಕಿದ್ದರೂ ಪುಟ್ಟಿಯಲ್ಲಿ ಪುಡಿಯಾಗಿ ಹೋಗಿರುತ್ತಿತ್ತು. ಒಮ್ಮೆ ಅಗೆದ ಜಾಗವನ್ನು ಇನ್ನೊಬ್ಬರು ಬಂದು ಸರಿಯಾಗಿ ಅಗೆಯೋಕೆ ಆಗಲ್ಲ.

ನಾನೂ ಸಿಂಧನೂರಿನ ಒಬ್ಬ ಹುಡುಗನೂ ಅನುಮತಿ ಪತ್ರ ತೋರಿಸಿ ಅಂತ ಪಟ್ಟು ಹಿಡಿದೆವು. ನಿರ್ದೇಶಕ ಅಂತ ಹೇಳಿಕೊಳ್ಳುತ್ತಿದ್ದವರು ಪಹಣಿ ತೋರಿಸಿದರು. ‘ಪಟ್ಟಾ ಜಮೀನು, ಮಾಲೀಕರು ಒಪ್ಪಿದ್ದಾರೆ, ಮತ್ತೇನು ಬೇಕು?’ ಈ ಮಾತು ನಿಮಗೂ ಹೇಳ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಹೊಲ ಯಾರದೇ ಇರಲಿ, ಪುರಾತತ್ವ ಉತ್ಖನನ ಅಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಗೆ, ಅಂದರೆ ಎಎಸ್‌ಐಗೆ ಅರ್ಜಿ ಹೋಗಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ 24ನೇ ಕಲಂ ಓದಿ. ರಾಜ್ಯ ಸರ್ಕಾರವೇ ಅಗೆಯಬೇಕೆಂದರೂ ಕೇಂದ್ರದ ಒಪ್ಪಿಗೆ ಮೊದಲು ಬೇಕು. ಸರ್ಕಾರಕ್ಕೇ ಹೀಗಿರುವಾಗ ಪಹಣಿ ಹಿಡಿದ ಖಾಸಗಿ ಸಂಸ್ಥೆಯ ಮಾತೇನು?

ಇನ್ನು ಊರಿನವರು. ನಮ್ಮ ಕಡೆ ನಿಧಿಗಳ್ಳರ ಕಾಟ ಎಷ್ಟು ಅಂತ ಗೊತ್ತಲ್ವಾ? ಹಾಳು ಗುಡಿಯ ಲಿಂಗ ಕಿತ್ತು ಹಾಕೋದು, ವೀರಗಲ್ಲಿನ ಬುಡ ಅಗೆಯೋದು ನಡೆದೇ ಇರುತ್ತೆ. ಹೊರಗಿನವರು ಕಾರಿನಲ್ಲಿ ಬಂದು ಗುಡ್ಡದ ಬುಡದಲ್ಲಿ ತಗ್ಗು ತೋಡಿದರೆ ಊರು ಸುಮ್ನೆ ಇರುತ್ತಾ? ಮೊದಲು ಇಬ್ಬರು ಬಂದು ನಿಂತರು. ಸ್ವಲ್ಪ ಹೊತ್ತಿಗೆ ಅರ್ಧ ಊರೇ ಬಂತು. ಒಬ್ಬ ಹಿರಿಯರು ನನ್ನನ್ನೇ ಕೇಳಿದರು: ‘ಯವ್ವಾ, ಹೋದ ಅಮಾಸಿಗೆ ಬಂದು ಗುಡಿ ಹಿಂದ ತಗ್ಗು ತೋಡಿದೋರು ನೀವ ಏನು?’ ನಾವು ಕಾಲೇಜಿನವರು ಅಂತ ಎಷ್ಟು ಹೇಳಿದರೂ, ‘ಹಂಗಾರ ಕಾಗದ ತೋರಸ್ರಿ’ ಅನ್ನೋದೇ ಅವರ ಮಾತು. ನ್ಯಾಯವಾದ ಮಾತೇ ಅದು. ಆ ಹೊತ್ತಿಗೆ ನಿರ್ದೇಶಕರು ಫೋನ್ ಮಾಡೋಕೆ ಅಂತ ಕಾರು ಹತ್ತಿ ಹೋದವರು ವಾಪಸ್ ಬರಲಿಲ್ಲ. ಬಂದದ್ದು ಪೊಲೀಸ್ ಜೀಪು.

ಠಾಣೆಯಲ್ಲಿ ಪಿಎಸ್‌ಐ ಮರ್ಯಾದೆಯಿಂದಲೇ ಮಾತಾಡಿದರು. ‘ಮೇಡಂ, ನೀವು ಪಾಠ ಮಾಡೋರು. ಪರ್ಮಿಷನ್ ಪತ್ರ ಒಂದು ತೋರಸ್ರಿ, ಈಗಿಂದೀಗ ಕಳಸ್ತೀನಿ.’ ನಮ್ಮ ಹತ್ತಿರ ಇದ್ದದ್ದು ಫೀಸಿನ ರಸೀದಿ. ಕೆಟ್ಟದ್ದು ಅಂದರೆ ಬ್ಯಾಗು ತೆಗೆಸಿದಾಗ ಸಿಂಧನೂರಿನ ಹುಡುಗನ ಬ್ಯಾಗಿನಲ್ಲಿ ಉಜ್ಜಿದ ಕಲ್ಲಿನ ಕೊಡಲಿಯ ಒಂದು ತುಂಡು ಸಿಕ್ಕಿತು. ಅವನು ಕದ್ದದ್ದಲ್ಲ. ‘ನೆನಪಿಗೆ ಒಂದೊಂದು ಇಟ್ಕೊಳ್ಳಿ’ ಅಂತ ನಮಗೆಲ್ಲ ಹಂಚಿದ್ದು ನಿರ್ದೇಶಕರೇ. ನಾನು ತಗೊಂಡಿರಲಿಲ್ಲ, ಅವನು ಖುಷಿಯಿಂದ ತಗೊಂಡಿದ್ದ. 1972ರ ಪುರಾವಸ್ತು ಕಾಯಿದೆಯಲ್ಲಿ 100 ವರ್ಷ ದಾಟಿದ ಇಂಥ ವಸ್ತು ಪುರಾವಸ್ತುವಿನ ಲೆಕ್ಕಕ್ಕೇ ಬರುತ್ತೆ. ಕಲ್ಲಿನ ಕೊಡಲಿಯ ವಯಸ್ಸು ಸಾವಿರದಲ್ಲಿ. ಆ ಹುಡುಗ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದ್ತಾ ಇದ್ದವನು. ಎಫ್‌ಐಆರ್ ಅನ್ನೋ ಶಬ್ದ ಕೇಳಿದ ಕೂಡಲೇ ಅವನ ಮುಖ ಬಿಳಿಚಿಕೊಂಡಿತು. ಅವರ ಅಪ್ಪ ರಾತ್ರಿ ಬಸ್ಸಿಗೆ ಬಂದರು. ಕೊನೆಗೆ ಪಂಚನಾಮೆ ಮಾಡಿ, ಚೀಲ ಸಮೇತ ಎಲ್ಲ ವಶಕ್ಕೆ ತಗೊಂಡು, ನಮ್ಮ ಹತ್ತಿರ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಬೇರೆ ಅಧಿಕಾರಿ ಆಗಿದ್ದರೆ ಬಿಡ್ತಿದ್ದರೋ ಇಲ್ಲವೋ.

ಮಾರನೇ ದಿನ ಪೋಸ್ಟರಿನಲ್ಲಿದ್ದ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದೆ. ವಿಭಾಗದವರಿಗೆ ಇಂಥ ಶಿಬಿರ ಇದೆ ಅನ್ನೋದೇ ಗೊತ್ತಿರಲಿಲ್ಲ. ಲಾಂಛನ ಎಲ್ಲಿಂದಲೋ ಇಳಿಸಿಕೊಂಡದ್ದು.

ಆ 4 ಕ್ರೆಡಿಟ್ಟಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಪ್ರಾಯೋಗಿಕ ಕೆಲಸಕ್ಕೆ ಒಂದು ಕ್ರೆಡಿಟ್ ಅಂದರೆ 30 ಗಂಟೆ. ನಾಲ್ಕಕ್ಕೆ 120 ಗಂಟೆ. ಒಂದು ವಾರದ ಶಿಬಿರದಲ್ಲಿ ಅಷ್ಟು ಬರಬೇಕಾದರೆ ದಿನಕ್ಕೆ 17 ಗಂಟೆ ಅಗೆಯಬೇಕು! ಕ್ರೆಡಿಟ್ ನಿಜವೇ ಆದರೆ ಅದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ, ಅಂದರೆ ವಿದ್ಯಾರ್ಥಿಗಳ ಕ್ರೆಡಿಟ್ ಜಮಾ ಆಗೋ ಸರ್ಕಾರಿ ಆನ್‌ಲೈನ್ ಖಾತೆಯಲ್ಲಿ, ನಿಮ್ಮ ಐಡಿಗೆ ಏರಬೇಕು. ಅಲ್ಲಿಗೆ ಏರಿಸೋಕೆ ಆಗೋದು ನೋಂದಾಯಿಸಿಕೊಂಡ ವಿದ್ಯಾಸಂಸ್ಥೆಗೆ ಮಾತ್ರ, ಕಲ್ಯಾಣ ಮಂಟಪ ಬಾಡಿಗೆ ಹಿಡಿದವರಿಗಲ್ಲ. ‘ಯಾವ ಸಂಸ್ಥೆಯಿಂದ ಏರಿಸ್ತೀರಿ?’ ಅಂತ ಕೇಳಿ ನೋಡಿ, ಉತ್ತರದಲ್ಲೇ ಗೊತ್ತಾಗುತ್ತೆ.

ಲೈಸೆನ್ಸ್ ವಿಷಯಕ್ಕೆ ‘ಇದೆ’ ಅನ್ನೋ ಮಾತು ಒಪ್ಪಬೇಡಿ. ಪತ್ರದ ಪ್ರತಿ ಕೇಳಿ. ಅನುಮತಿ ಸುಮ್ನೆ ‘ಎಲ್ಲಿ ಬೇಕಾದರೂ ಅಗೆಯಿರಿ’ ಅಂತ ಇರಲ್ಲ. ಯಾರ ನಿರ್ದೇಶನದಲ್ಲಿ, ಯಾವ ಜಾಗದಲ್ಲಿ, ಯಾವ ಅವಧಿಗೆ ಅಂತ ಇರುತ್ತೆ. ಕೆಲಸ ಮುಗಿದ ಮೇಲೆ ವರದಿಯನ್ನೂ ಒಪ್ಪಿಸಬೇಕು. ಪತ್ರದಲ್ಲಿರುವ ಊರೇ ಬೇರೆ, ನಿಮ್ಮನ್ನು ಕರ್ಕೊಂಡು ಹೋಗೋ ಊರೇ ಬೇರೆ ಆದರೆ ಅದು ನಡೆಯಲ್ಲ. ನಿಜವಾದ ನಿರ್ದೇಶಕರಿಗೆ ಇದನ್ನು ತೋರಿಸೋಕೆ ಎರಡು ನಿಮಿಷ ಸಾಕು. ಅನುಮಾನ ಬಂದರೆ ಎಎಸ್‌ಐನ ಹಂಪಿ ವೃತ್ತಕ್ಕೋ ರಾಜ್ಯ ಪುರಾತತ್ವ ಇಲಾಖೆಗೋ ಒಂದು ಮೇಲ್ ಹಾಕಿ. ಸಿಕ್ಕ ವಸ್ತುಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ ಅಂತಲೂ ಕೇಳಿ. ಮನೆಗೆ ತಗೊಂಡು ಹೋಗಬಹುದು ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ಅಗೆಯದೇ ಕಲಿಸುವ ಚಿಕ್ಕ ಕೋರ್ಸುಗಳನ್ನು ಕಡೆಗಣಿಸಬೇಡಿ. ಮಡಕೆ ಚೂರಿನ ಅಂಚು ನೋಡಿ ಪೂರ್ತಿ ಮಡಕೆಯ ಚಿತ್ರ ಬರೆಯೋದು, ಶಾಸನದ ಅಚ್ಚು ತೆಗೆಯೋದು, ನಕ್ಷೆ ಮಾಡೋದು, ಇವೆಲ್ಲ ಬೇಸಿಗೆಯಲ್ಲೂ ನೆರಳಲ್ಲಿ ಕೂತು ಕಲಿಯಬಹುದಾದ ಕೆಲಸ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪುರಾತತ್ವ ವಿಭಾಗ ಇದೆ. ಪುಣೆಯ ಡೆಕ್ಕನ್ ಕಾಲೇಜು ಇದೆ. ಇದನ್ನೇ ವೃತ್ತಿ ಮಾಡ್ಕೊಳ್ಳೋರಿಗೆ ಗ್ರೇಟರ್ ನೋಯ್ಡಾದಲ್ಲಿ ಎಎಸ್‌ಐನ 2 ವರ್ಷದ ಡಿಪ್ಲೊಮಾ ಇದೆ. ಹೊಸ ಶಿಲಾಯುಗದ ಕೊಡಲಿ ನೋಡಬೇಕು ಅನ್ನೋ ಆಸೆ ಇದ್ದರೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗ್ರಹಾಲಯಕ್ಕೆ ಹೋಗಿ, ಸಂಗನಕಲ್ಲಿನವು ಅಲ್ಲಿವೆ.

ದುಡ್ಡಿನ ಕಥೆ ಕೇಳ್ತೀರಾ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಮಸ್ಕಿ ಶಾಸನ ಬೆಳಕಿಗೆ ಬಂದ ಇಸವಿಯೂ 1915, ನಮ್ಮಂಥವರಿಗೆ ನಂಬರ್ ಮರೆಯೋ ಹಾಗಿಲ್ಲ. ದೂರು ಹೋದ ಮೇಲೆ ಯುಪಿಐನಲ್ಲಿ ಕಟ್ಟಿದ್ದವರಿಗೆ ಅರ್ಧ ಹಣ ವಾಪಸ್ ಬಂತು. ಉಳಿದರ್ಧಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋಣ ಅಂತ ಕಾಗದ ಜೋಡಿಸ್ತಾ ಇದ್ದೇವೆ, 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ನಗದು ಕೊಟ್ಟವರ ಹತ್ತಿರ ಬಿಳಿ ಹಾಳೆಯ ರಸೀದಿ ಬಿಟ್ಟು ಏನೂ ಇಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಆ ಹಾಳೆ ಬಿಸಾಡಬೇಡಿ, ಫೋಟೊ ತೆಗೆದು ನನಗೆ ಕಳಿಸಿ. ದೂರಿನ ಜೊತೆ ಸೇರಿಸುತ್ತೇನೆ.