ಬೈಠಕ್ ರೆಕಾರ್ಡಿಂಗ್ ತಿದ್ದಲು ಆಡಾಸಿಟಿ ಸಾಕೋ, ರೀಪರ್ ಬೇಕೋ? ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಸಾಫ್ಟ್‌ವೇರ್‌ಗೆ ಫ್ಯಾನೂ ಒಂದೇ, ತಂಬೂರಿಯೂ ಒಂದೇ. ಎರಡೂ ಎಡೆಬಿಡದೆ ಒಂದೇ ಸಮ ಕೇಳುವ ಸದ್ದು, ನಾಯ್ಸ್ ರಿಡಕ್ಷನ್ (ಗದ್ದಲ ತಗ್ಗಿಸುವ ಸೌಲಭ್ಯ) ಹುಡುಕಿ ಅಳಿಸುವುದೂ ಅಂಥದ್ದನ್ನೇ. ಪಾಡ್‌ಕಾಸ್ಟ್‌ನವರ ಸಲಹೆ ನಂಬಿ ಹಿಂದೂಸ್ತಾನಿ ಬೈಠಕ್ ತಿದ್ದಲು ಹೋದರೆ ಕೆಡುವುದು ಇಲ್ಲಿಯೇ. ಹುಬ್ಬಳ್ಳಿ-ಧಾರವಾಡದ ಮನೆ ಬೈಠಕ್, ಸಭಾಗೃಹದ ಕಛೇರಿ, ಗದಗ-ಹಾವೇರಿ ಕಡೆಯ ಭಜನೆ, ಇಂಥ ರೆಕಾರ್ಡಿಂಗ್‌ಗಳಿಗೆ ಆಡಾಸಿಟಿ, ರೀಪರ್ ಎಂಬ ಆಡಿಯೋ ತಿದ್ದುವ ಎರಡು ಸಾಫ್ಟ್‌ವೇರ್ ಎಷ್ಟರಮಟ್ಟಿಗೆ ಒದಗುತ್ತವೆ ಎಂದು ನೋಡೋಣ.

ಆಡಾಸಿಟಿ ಪುಕ್ಕಟೆ, 2000ರಿಂದ ಇದೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಗದ್ದಲ ತೆಗೆಯುವ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ ಇದೇ. ಅದಕ್ಕೆ ಕಾರಣ ಹೆಚ್ಚಿನವರು ಮುಟ್ಟಿಯೂ ನೋಡದ ಒಂದು ಗುಂಡಿ. ಕ್ರಮ ಹೀಗೆ: ತಂಬೂರಿ ಶುರುವಾಗುವ ಮುಂಚೆ, ಫ್ಯಾನು ತಿರುಗುತ್ತಿರುವಾಗಲೇ, 15-20 ಸೆಕೆಂಡ್ ಖಾಲಿ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ಆ ತುಂಡನ್ನು ಮಾತ್ರ ಸೆಲೆಕ್ಟ್ ಮಾಡಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಬೇಕು. ಆಮೇಲೆ ಪೂರ್ತಿ ಟ್ರ್ಯಾಕ್ ಸೆಲೆಕ್ಟ್ ಮಾಡಿ ರಿಡಕ್ಷನ್ 6ರಿಂದ 8 ಡಿಬಿ (ಡೆಸಿಬೆಲ್), ಸೆನ್ಸಿಟಿವಿಟಿ 4ರ ಆಸುಪಾಸು, ಸ್ಮೂದಿಂಗ್ 2 ಅಥವಾ 3 ಇಟ್ಟು, ಓಕೆ ಒತ್ತುವ ಮುಂಚೆ ‘ರೆಸಿಡ್ಯೂ’ ಆರಿಸಿ ಪ್ರಿವ್ಯೂ ಕೇಳಬೇಕು. ಇಲ್ಲಿ ಕೇಳಿಸುವುದು ಉಳಿಯುವ ಸಂಗೀತವಲ್ಲ, ಕಸವೆಂದು ಹೊರಗೆ ಹೋಗುವುದು. ಅದರಲ್ಲಿ ಬರೀ ಫ್ಯಾನಿನ ಸುಯ್ ಇದ್ದರೆ ಸರಿ. ತಂಬೂರಿಯ ಜವಾರಿ (ತಂತಿಯ ಝೇಂಕಾರ) ಕೇಳಿಸಿದರೆ, ಇಲ್ಲವೇ ಗಾಯಕರ ಸ, ಶ ಅಕ್ಷರಗಳು ಪಿಸುಗುಟ್ಟಿದರೆ ಅತಿಯಾಯಿತೆಂದೇ ಅರ್ಥ. ಮೊದಲು ಸೆನ್ಸಿಟಿವಿಟಿ ಇಳಿಸಿ, ಆಮೇಲೆ ಡಿಬಿ ಇಳಿಸಿ. ಮುಗಿದ ಮೇಲೆ ‘ರೆಡ್ಯೂಸ್’ಗೆ ಮರಳುವುದನ್ನು ಮರೆತರೆ ಕಸವೇ ಉಳಿದು ಹಾಡು ಹೋಗುತ್ತದೆ, ಹುಷಾರು.

ಖಾಲಿ ಸದ್ದು ಹಿಡಿದಿರದಿದ್ದರೆ? ತಂಬೂರಿ ನುಡಿಯುವಾಗಿನ ತುಂಡನ್ನೇ ಪ್ರೊಫೈಲ್‌ಗೆ ಕೊಡಬೇಡಿ. ಜವಾರಿಯ ನಾದ ಹಲವು ಸಾವಿರ ಹರ್ಟ್ಜ್‌ವರೆಗೆ ಹಬ್ಬಿರುತ್ತದೆ, ಅದನ್ನು ಕಿತ್ತರೆ ಗಾಯಕರ ದನಿಯೂ ಕೊಳವೆಯೊಳಗಿಂದ ಬಂದಂತಾಗುತ್ತದೆ. ಅಂಥ ರೆಕಾರ್ಡಿಂಗ್‌ಗೆ ನಾಯ್ಸ್ ರಿಡಕ್ಷನ್ ಮುಟ್ಟದೇ ಬಿಡುವುದು ಒಳ್ಳೆಯದು. ಧಾರವಾಡದ ಮಳೆ ತಗಡಿನ ಮೇಲೆ ಬಿದ್ದ ಸದ್ದಿಗೂ ಇದು ಉಪಯೋಗಕ್ಕೆ ಬರುವುದಿಲ್ಲ. ಮಳೆ ಕ್ಷಣಕ್ಕೊಂದು ತರಹ, ಪ್ರೊಫೈಲ್ ಒಂದೇ ತರಹ.

ಇನ್ನು ವಿದ್ಯುತ್ತಿನ ಗುಂಯ್. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಅದರ ಮರಿಗಳು 100, 150, 200ರಲ್ಲಿ. ಒಂದೇ ಕಂಪನಾಂಕದ ಸದ್ದನ್ನು ಕತ್ತರಿಸುವ, ಆಡಾಸಿಟಿಯ ನಾಚ್ ಫಿಲ್ಟರ್ ತೆರೆದಾಗ ಅಲ್ಲಿರುವ 60 ಅಮೆರಿಕದ ಕರೆಂಟಿನ ಲೆಕ್ಕ, ಅದನ್ನು ಬದಲಿಸಲೇಬೇಕು. ಕ್ಯೂ 30 ಇಡಿ; ಕ್ಯೂ ಹೆಚ್ಚಿದಷ್ಟೂ ಕತ್ತರಿಸುವ ಪಟ್ಟಿ ಕಿರಿದು. 150ರಲ್ಲಿ ಕ್ಯೂ 30 ಅಂದರೆ 5 ಹರ್ಟ್ಜ್ ಅಗಲದ ಗಂಡಿ, ಸುಮಾರು 147.5ರಿಂದ 152.5. ಹಾರ್ಮೋನಿಯಂನ ಬಿಳಿ ಎರಡನ್ನು (ಎರಡನೆಯ ಬಿಳಿ ಕೀ) ಶ್ರುತಿಯಾಗಿಟ್ಟು ಹಾಡುವವರ ಷಡ್ಜ 146.8, ಕೂದಲೆಳೆಯಲ್ಲಿ ಪಾರಾಗುತ್ತದೆ. ಕ್ಯೂ 5 ಇಟ್ಟರೆ ಷಡ್ಜವೇ ಸೊರಗುತ್ತದೆ. ಕರಿ ಒಂದರವರಿಗೆ (138.6) ಈ ಭಯ ಕಡಿಮೆ. ಜಾತ್ರೆಯಲ್ಲಿ ಜನರೇಟರ್ ಇದ್ದರೆ ಲೋಡಿಗೆ ತಕ್ಕಂತೆ ಗುಂಯ್‌ನ ಸ್ವರವೇ ಏರಿಳಿಯುವುದರಿಂದ ಒಂದೇ ನಾಚ್ ಸಾಲದು. ತುಂಡು ಮಾಡಿ, ಪ್ರತಿ ತುಂಡಿನ ಸ್ಪೆಕ್ಟ್ರಮ್ (ಯಾವ ಕಂಪನಾಂಕ ಎಷ್ಟಿದೆ ಎಂಬ ನಕ್ಷೆ) ನೋಡಿ ಹಾಕಬೇಕು. ಬೇಸರದ ಕೆಲಸ.

‘100 ಹರ್ಟ್ಜ್ ಕೆಳಗಿನದೆಲ್ಲ ಕತ್ತರಿಸಿ’ ಅನ್ನುವ ಸಲಹೆಯನ್ನು ಪಾಲಿಸಬೇಡಿ. ಕರಿ ಒಂದಕ್ಕೆ ಶ್ರುತಿ ಮಾಡಿದ ತಂಬೂರಿಯ ಖರ್ಜ (ತೀರ ಕೆಳಗಿನ ಸ್ವರದ ತಂತಿ) 69 ಹರ್ಟ್ಜ್. ಡಗ್ಗಾದ (ತಬಲಾ ಜೊತೆಯ ಎಡಗೈ ವಾದ್ಯ) ಗುಮಕಿಯೂ ಆ ಕಡೆಯದೇ. ಹೈ-ಪಾಸ್ (ಕೆಳಗಿನ ಸದ್ದು ಕತ್ತರಿಸುವ ಫಿಲ್ಟರ್) ಅನ್ನು 40ರಲ್ಲಿ ಇಟ್ಟರೆ ಗಾಳಿಯ ಗುಡುಗುಡು, ಮೈಕ್ ಸ್ಟ್ಯಾಂಡಿಗೆ ಕಾಲು ತಾಗಿದ ಸದ್ದು ತಗ್ಗುತ್ತವೆ, ಡಗ್ಗಾ ಉಳಿಯುತ್ತದೆ.

ಕೆಮ್ಮು, ಫೋನಿನ ರಿಂಗು, ತಾಟು ಬಿದ್ದ ಸದ್ದಿಗೆ ಟ್ರ್ಯಾಕನ್ನು ಸ್ಪೆಕ್ಟ್ರೋಗ್ರಾಮ್ (ಕಾಲದುದ್ದಕ್ಕೂ ಕಂಪನಾಂಕ ತೋರಿಸುವ ಚಿತ್ರ) ನೋಟಕ್ಕೆ ತಿರುಗಿಸಿ, ಆ ಜಾಗಕ್ಕಷ್ಟೇ ಚೌಕ ಎಳೆದು ‘ಸ್ಪೆಕ್ಟ್ರಲ್ ಎಡಿಟ್ ಮಲ್ಟಿ ಟೂಲ್’ ಹಾಕಬಹುದು. ರಿಂಗು ಚೆನ್ನಾಗಿ ಹೋಗುತ್ತದೆ, ಕೆಮ್ಮು ಅರ್ಧ ಹೋಗುತ್ತದೆ. ಇದನ್ನೇ ವೃತ್ತಿಯಾಗಿ ಮಾಡುವವರಿಗೆ ಐಜೋಟೋಪ್ ಆರ್‌ಎಕ್ಸ್ ಇದೆ, ಬೆಲೆ ಹವ್ಯಾಸಿಗಳ ಕೈಗೆ ಎಟುಕುವಂಥದ್ದಲ್ಲ.

ಆಡಾಸಿಟಿಯ ದೊಡ್ಡ ಕೊರತೆ ಜಾಗದ್ದು. ಒಳಗೆ ಅದು 32 ಬಿಟ್ ಫ್ಲೋಟ್‌ನಲ್ಲಿ ಇಡುವುದರಿಂದ 48 ಕಿಲೋಹರ್ಟ್ಜ್ ಸ್ಟೀರಿಯೋದ ಒಂದು ಗಂಟೆಗೆ ಸುಮಾರು 1.4 ಜಿಬಿ. ಪೂರ್ತಿ ಟ್ರ್ಯಾಕ್ ಮೇಲೆ ಎಫೆಕ್ಟ್ ಹಾಕಿದಾಗಲೆಲ್ಲ ಅನ್‌ಡೂಗಾಗಿ ಅಷ್ಟೇ ದೊಡ್ಡ ಇನ್ನೊಂದು ಪ್ರತಿ. ಮೂರು ಗಂಟೆಯ ಕಛೇರಿಗೆ ನಾಲ್ಕು ಎಫೆಕ್ಟ್ ಅಂದರೆ 20 ಜಿಬಿ ದಾಟಿತು. ಪ್ರಾಜೆಕ್ಟನ್ನು ಪೆನ್‌ಡ್ರೈವ್‌ನಲ್ಲಿ ತೆರೆಯಬೇಡಿ. ರಾಗಕ್ಕೊಂದು ಫೈಲ್ ಮಾಡಿಕೊಂಡು ಕೆಲಸ ಮಾಡಿ. 2022ರ 3.2 ಆವೃತ್ತಿಯಿಂದ, ಪ್ರತಿ ಮಾಡದೆ ಕೇಳುವಾಗಲೇ ಹಾಕುವ ರಿಯಲ್-ಟೈಮ್ ಎಫೆಕ್ಟ್ ಬಂದಿದ್ದರೂ ನಾಯ್ಸ್ ರಿಡಕ್ಷನ್ ಅದರಲ್ಲಿ ಸೇರಿಲ್ಲ.

ರೀಪರ್ ಗೆಲ್ಲುವುದು ಎರಡು ಮೈಕು ಅಥವಾ ಎರಡು ಯಂತ್ರ ಇದ್ದಾಗ. ಮಿಕ್ಸರ್‌ನಿಂದ ಒಂದು ಲೈನ್, ಸಭಾಂಗಣದ ಮಧ್ಯೆ ಒಂದು ರೆಕಾರ್ಡರ್ ಅಂದುಕೊಳ್ಳಿ. ಶಬ್ದ ಒಂದು ಮೀಟರ್ ಸಾಗಲು ಹೆಚ್ಚುಕಡಿಮೆ 3 ಮಿಲಿಸೆಕೆಂಡ್, ಹಾಗಾಗಿ 15 ಮೀಟರ್ ದೂರದ ರೆಕಾರ್ಡಿಂಗ್ 44 ಮಿಲಿಸೆಕೆಂಡ್ ಹಿಂದೆ. ಹಾಗೇ ಬೆರೆಸಿದರೆ ತಬಲಾದ ಪ್ರತಿ ‘ನಾ’ ಹೊಡೆತ ಎರಡೆರಡು ಸಲ ಕೇಳುತ್ತದೆ. ರೀಪರ್‌ನಲ್ಲಿ ಹಿಗ್ಗಿಸಿ ನೋಡಿ, ಒಂದೇ ‘ನಾ’ದ ಎರಡು ಗೆರೆ ಕೂಡಿಸಿದರೆ ಆಯಿತು. ಆದರೂ ಗಂಟೆ ಕಳೆದಂತೆ ಮತ್ತೆ ಜಾರುತ್ತದೆ, ಯಾಕೆಂದರೆ ಎರಡು ಯಂತ್ರದ ಗಡಿಯಾರ ಒಂದೇ ಇರುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡ್. ಕೊನೆಯ ಹೊಡೆತ ನೋಡಿ, ಆಲ್ಟ್ ಒತ್ತಿ ಐಟಂ (ರೆಕಾರ್ಡಿಂಗ್ ತುಂಡು) ಅಂಚು ಎಳೆದು ಕೂಡಿಸಿ. ‘ಪ್ರಿಸರ್ವ್ ಪಿಚ್’ ತೆಗೆದುಬಿಡಿ. ಇಷ್ಟು ಸಣ್ಣ ಎಳೆತಕ್ಕೆ ಶ್ರುತಿ ಗೊತ್ತಾಗುವಷ್ಟು ಬದಲಾಗುವುದಿಲ್ಲ, ಆ ಟಿಕ್ ಇದ್ದರೇ ತಬಲಾ ಮಸುಕಾಗುತ್ತದೆ.

ದನಿಯ ಏರಿಳಿತಕ್ಕೂ ರೀಪರ್ ಹಿತ. ಟ್ರ್ಯಾಕ್ ಆರಿಸಿ ವಿ (V) ಕೀ ಒತ್ತಿದರೆ ವಾಲ್ಯೂಮ್ ಗೆರೆ ಬರುತ್ತದೆ. ಚಪ್ಪಾಳೆ 8 ಡಿಬಿ ಇಳಿಸಿ, ಆಲಾಪ 2-3 ಡಿಬಿ ಏರಿಸಿ. ಜೋರು-ಮೆಲುವಿನ ಅಂತರ ತಾನೇ ಕುಗ್ಗಿಸುವ ಕಂಪ್ರೆಸರ್ ಹಾಕಿದರೆ ಎರಡು ಸ್ವರಗಳ ನಡುವೆ ತಂಬೂರಿ ಉಬ್ಬಿ ಉಬ್ಬಿ ಬರುತ್ತದೆ, ವಿಲಂಬಿತದಲ್ಲಂತೂ ಕೇಳಲಾಗದು. ರೀಪರ್‌ನ ರೀಎಫ್‌ಐಆರ್ ಪ್ಲಗಿನ್‌ನ ಸಬ್‌ಟ್ರ್ಯಾಕ್ಟ್ ಮೋಡ್ ಗದ್ದಲ ತೆಗೆಯುತ್ತದೆ ನಿಜ, ಆದರೆ ‘ಆಟೊಮ್ಯಾಟಿಕಲಿ ಬಿಲ್ಡ್ ನಾಯ್ಸ್ ಪ್ರೊಫೈಲ್’ ಟಿಕ್ ತೆಗೆಯದೆ ಮುಂದೆ ಓಡಿಸಿದರೆ ಹಾಡನ್ನೇ ಗದ್ದಲವೆಂದು ಕಲಿತು ನುಂಗುತ್ತದೆ. ರೆಸಿಡ್ಯೂ ತರಹ ಹೊರಗೆ ಹೋಗುವುದನ್ನಷ್ಟೇ ಕೇಳಲು ರೀಪರ್‌ನಲ್ಲಿ ‘ಡೆಲ್ಟಾ ಸೋಲೊ’ ಇದೆ. ರೀಪರ್ 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ರಿಯಾಯಿತಿ ಲೈಸೆನ್ಸ್ 60 ಡಾಲರ್. ಮೊದಲ ವಾರ ಅದರ ಮೆನುಗಳ ಕಾಡಿನಲ್ಲಿ ಅಲೆಯುವುದು ತಪ್ಪಿದ್ದಲ್ಲ.

ಭಜನೆಗೆ ಬೇರೆಯೇ ಲೆಕ್ಕ. ತಾಳದ ಏಟು ಕ್ಷಣಮಾತ್ರದ್ದು, ಎತ್ತರದ್ದು. ರೆಕಾರ್ಡ್ ಮಾಡುವಾಗಲೇ ಮೀಟರ್ -12 ಡಿಬಿ ದಾಟದಂತೆ, 24 ಬಿಟ್‌ನಲ್ಲಿ ಹಿಡಿಯಬೇಕು. ಒಡೆದುಹೋದ ಸದ್ದಿಗೆ ಆಡಾಸಿಟಿಯ ‘ಕ್ಲಿಪ್ ಫಿಕ್ಸ್’ ಇದ್ದರೂ ಒಂದೆರಡು ಏಟಿಗೆ ಸರಿ, ಇಡೀ ಹಾಡು ಒಡೆದಿದ್ದರೆ ಯಾವುದೂ ಕೈ ಹಿಡಿಯದು. ಸಭಾಗೃಹದ ಗೊಯ್ಯೆನ್ನುವ ಪ್ರತಿಧ್ವನಿಯನ್ನೂ ಇವೆರಡರಿಂದ ತೆಗೆಯಲಾಗದು. ಮೈಕ್ ಹತ್ತಿರ ತರುವುದೊಂದೇ ದಾರಿ.

ನೀವು ಒಂದೇ ರೆಕಾರ್ಡರ್ ಇಟ್ಟು ಹಿಡಿಯುವವರಾದರೆ ಆಡಾಸಿಟಿಯೇ ಸಾಕು, ದುಡ್ಡು ಮೈಕಿಗೆ ಹಾಕಿ. ಎರಡು ಕಡೆಯಿಂದ ಹಿಡಿಯುವುದಾದರೆ ಗದ್ದಲವನ್ನು ಆಡಾಸಿಟಿಯಲ್ಲಿ ತೆಗೆದು, ವೇವ್ (WAV) ಫೈಲ್ ಮಾಡಿ ರೀಪರ್‌ಗೆ ತನ್ನಿ. ಕೊನೆಗೆ ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ, ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆಯಾಗಿ, -18 ಎಲ್‌ಯುಎಫ್‌ಎಸ್ ಇಡಿ. ಯೂಟ್ಯೂಬ್ ಸುಮಾರು -14ಕ್ಕಿಂತ ಜೋರಾದದ್ದನ್ನು ತಾನೇ ತಗ್ಗಿಸುತ್ತದೆ, ಆದ್ದರಿಂದ ಅದಕ್ಕಿಂತ ಮೇಲೆ ಒತ್ತಿ ಏರಿಸುವುದರಲ್ಲಿ ಲಾಭವಿಲ್ಲ. ಶಿಖರ -1 ಡಿಬಿ ದಾಟಿದ್ದರೆ ಅದನ್ನು ಮೊಟಕುಗೊಳಿಸುವ ಲಿಮಿಟರ್ ಹಾಕಿ. ಕಾಪಿಡಲು ಫ್ಲಾಕ್ (ಗುಣಮಟ್ಟ ಕಳೆಯದ ಫೈಲ್), ವಾಟ್ಸಾಪ್‌ನಲ್ಲಿ ಹಂಚಲು 192 ಕೆಬಿಪಿಎಸ್ ಎಂಪಿ3. ತಿದ್ದದ ಮೂಲ ಫೈಲನ್ನು ಮಾತ್ರ ಅಳಿಸಬೇಡಿ.